ಒಂದು ಗಂಟು, ಒಂದು ಮಗು, ಕಲ್ಲಿನ ಮೆಟ್ಟಿಲು: ದೋಮಿಯೇ ಬರೆದ ಬಟ್ಟೆ ಒಗೆಯುವವಳು

ಪ್ಯಾರಿಸ್‌ನ ಓರ್ಸೇ ಮ್ಯೂಸಿಯಂ ಸಂಗ್ರಹದಲ್ಲಿ ಒಂದು ಪುಟ್ಟ ಚಿತ್ರವಿದೆ. ಎತ್ತರ 49 ಸೆಂಟಿಮೀಟರ್, ಅಗಲ 33 ಚಿಲ್ಲರೆ. ಮರದ ಹಲಗೆ ಮೇಲೆ ಎಣ್ಣೆಬಣ್ಣ. ಬರೆದವನು ಒನೊರೆ ದೋಮಿಯೇ, ಸುಮಾರು 1863ರಲ್ಲಿ. ಹೆಸರು ‘ಲಾ ಬ್ಲಾಂಶಿಸ್ಯೂಸ್’, ಅಂದರೆ ಬಟ್ಟೆ ಒಗೆಯುವವಳು.

ಸೇನ್ ನದಿಯ ದಡದಿಂದ ರಸ್ತೆಗೆ ಹತ್ತಿ ಬರುವ ಕಲ್ಲಿನ ಮೆಟ್ಟಿಲು. ಒಬ್ಬ ಹೆಂಗಸು ಕೊನೆಯ ಮೆಟ್ಟಿಲುಗಳ ಹತ್ತಿರ ಬಂದಿದ್ದಾಳೆ. ಒಂದು ತೋಳಿನಲ್ಲಿ ಬಟ್ಟೆಯ ದೊಡ್ಡ ಗಂಟು. ಇನ್ನೊಂದು ಕೈ ಮಗುವಿನ ಕೈ ಹಿಡಿದಿದೆ. ಮಗುವಿಗೆ ಮೂರೋ ನಾಲ್ಕೋ ವರ್ಷ ಇರಬಹುದು. ಮೆಟ್ಟಿಲು ಅದರ ಕಾಲಿಗೆ ದೊಡ್ಡದು. ಹಾಗಾಗಿ ತಾಯಿ ಬಗ್ಗಿದ್ದಾಳೆ. ಗಂಟಿನ ಭಾರ ಒಂದು ಕಡೆ ಎಳೆಯುತ್ತಿದೆ, ಮಗು ಇನ್ನೊಂದು ಕಡೆ. ಮಗುವಿನ ಕೈಯಲ್ಲಿ ಬಟ್ಟೆ ಬಡಿಯುವ ಮರದ ಹಲಗೆ ಇದೆ.

ಬೆನ್ನ ಹಿಂದೆ ನದಿಯ ಆಚೆ ದಡದ ಕಟ್ಟಡಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿವೆ. ಬೆಳಕೆಲ್ಲ ಅಲ್ಲೇ. ಮುಂದಿರುವ ಇವರಿಬ್ಬರೂ ನೆರಳಿನಲ್ಲಿದ್ದಾರೆ. ಹೆಂಗಸಿನ ಮುಖದಲ್ಲಿ ಕಣ್ಣು, ಮೂಗು ಹುಡುಕಿದರೂ ಸರಿಯಾಗಿ ಸಿಗುವುದಿಲ್ಲ. ಭುಜ, ತೋಳು, ಸೊಂಟ ಮಾತ್ರ ಗಟ್ಟಿಯಾಗಿ ಕಾಣುತ್ತವೆ.

ಈ ಚಿತ್ರವನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ‘ತಾಯಿಯ ಮಮತೆ’ ಅಂತ. ಮಮತೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಮೊದಲು ಬರುವ ಪ್ರಶ್ನೆ ಬೇರೆ. ಆ ಮಗು ಅಲ್ಲಿ ಯಾಕಿದೆ? ದಿನವಿಡೀ ನೀರಿನ ಪಕ್ಕ, ಕುದಿಯುವ ಹಂಡೆಗಳ ಪಕ್ಕ, ಒದ್ದೆ ಬಟ್ಟೆಗಳ ನಡುವೆ ಅಷ್ಟು ಸಣ್ಣ ಮಗುವಿಗೆ ಏನು ಕೆಲಸ? ಇದೊಂದೇ ಪ್ರಶ್ನೆ ಹಿಡಿದು ಹೋದರೆ ಚಿತ್ರ ಬೇರೆಯೇ ಥರ ತೆರೆದುಕೊಳ್ಳುತ್ತದೆ.

ದೋಣಿಯ ಮೇಲಿನ ಕೆಲಸ

ದೋಮಿಯೇಗೆ ಈ ದೃಶ್ಯ ಹುಡುಕಿಕೊಂಡು ಹೋಗುವ ಅಗತ್ಯವಿರಲಿಲ್ಲ. 1846ರಿಂದ 1863ರವರೆಗೆ ಅವನ ಮನೆ ಇದ್ದದ್ದು ಇಲ್ ಸಾಂ ಲೂಯಿ ಎಂಬ ದ್ವೀಪದ ಕೀ ದಾಂಜು ರಸ್ತೆಯಲ್ಲಿ, 9ನೇ ನಂಬರ್. ಸೇನ್ ನದಿಯ ನಡುವೆ ಇರುವ ಪುಟ್ಟ ದ್ವೀಪ ಅದು. ಮನೆಯ ಮುಂದೆ ರಸ್ತೆ, ರಸ್ತೆಯ ಕೆಳಗೆ ನದಿ. ನದಿಯಲ್ಲಿ ಬಟ್ಟೆ ಒಗೆಯುವ ದೋಣಿಗಳು.

ದೋಣಿ ಅಂದರೆ ಚಲಿಸುವ ದೋಣಿಯಲ್ಲ. ದಡಕ್ಕೆ ಕಟ್ಟಿಹಾಕಿದ ಉದ್ದನೆಯ ಮರದ ಶೆಡ್ಡು ಅನ್ನಬಹುದು. ಕೆಳಗೆ ನೀರಿನ ಮಟ್ಟಕ್ಕೆ ಹೆಂಗಸರು ಸಾಲಾಗಿ ಮಂಡಿಯೂರಿ ಒಗೆಯುತ್ತಿದ್ದರು. ಎಷ್ಟೋ ದೋಣಿಗಳಲ್ಲಿ ಮೇಲಿನ ಅಂತಸ್ತು ಒಣಗಿಹಾಕಲು. ಜಾಗಕ್ಕೆ ದುಡ್ಡು ಕೊಡಬೇಕು, ಬಿಸಿನೀರಿಗೂ ಕೊಡಬೇಕು. ಕಟ್ಟಿಗೆ ಬೂದಿಯ ನೀರಲ್ಲಿ ನೆನೆಸಿದ ಬಟ್ಟೆಯನ್ನು ಸೋಪು ಹಚ್ಚಿ, ಉಜ್ಜಿ, ಹಲಗೆಯಿಂದ ಬಡಿದು, ನದಿಯಲ್ಲಿ ಜಾಲಾಡಿ ಹಿಂಡಬೇಕು. ಚಳಿಗಾಲದಲ್ಲೂ ಅದೇ ನೀರು. ಆಮೇಲೆ ಅದನ್ನೆಲ್ಲ ಗಂಟು ಕಟ್ಟಿ ಮೆಟ್ಟಿಲು ಹತ್ತಬೇಕು. ಅರೆ ಒದ್ದೆ ಹಾಸಿಗೆ ಬಟ್ಟೆಯ ಗಂಟು ಎಷ್ಟು ಭಾರ ಅಂತ ಎತ್ತಿದವರಿಗೇ ಗೊತ್ತು.

ಆ ಗಂಟಿನ ಬಟ್ಟೆ ಅವಳದ್ದಲ್ಲ ಅನ್ನುವುದೂ ನೆನಪಿರಲಿ. ಬಿಳಿ ಅಂಗಿ, ಬಿಳಿ ಕಾಲರು, ಬಿಳಿ ಮೇಜುಬಟ್ಟೆ ಆ ಕಾಲದ ಮಧ್ಯಮ ವರ್ಗದ ಮರ್ಯಾದೆ. ಆ ಮರ್ಯಾದೆಯನ್ನು ದಿನಾ ನದಿಗಿಳಿಸಿ ಮೇಲಕ್ಕೆ ಹೊತ್ತು ತರುವವರು ಇವರು. ಸರ್ಕಾರಕ್ಕೂ ಇದರ ಕಷ್ಟ ಗೊತ್ತಿತ್ತು. 1851ರ ಫೆಬ್ರವರಿಯಲ್ಲಿ ಅಗ್ಗದ ಸಾರ್ವಜನಿಕ ಸ್ನಾನಗೃಹ, ಒಗೆಯುವ ಮನೆಗಳಿಗೆ ಸಹಾಯಧನ ಕೊಡುವ ಕಾನೂನು ಬಂತು. ಅದರಲ್ಲಿ ಜಾಸ್ತಿ ಕಾಳಜಿ ಇದ್ದದ್ದು ಬಡವರ ಬಟ್ಟೆ ಶುಚಿಯಾಗಿರಬೇಕು ಅನ್ನುವುದರ ಬಗ್ಗೆ.

ಕೂಲಿಯ ವಿಷಯ ನೋಡಿ. 1847-48ರಲ್ಲಿ ಪ್ಯಾರಿಸ್‌ನ ವಾಣಿಜ್ಯ ಮಂಡಳಿ ನಗರದ ಕೈಗಾರಿಕೆಗಳ ಬಗ್ಗೆ ದೊಡ್ಡ ವಿಚಾರಣೆ ನಡೆಸಿತು. ಅದರ ಲೆಕ್ಕದಲ್ಲಿ ಗಂಡಸರ ಸರಾಸರಿ ದಿನಗೂಲಿ 3 ಫ್ರಾಂಕ್ 80 ಸಾಂಟೀಮ್ (ನೂರು ಸಾಂಟೀಮ್ ಅಂದರೆ ಒಂದು ಫ್ರಾಂಕ್). ಹೆಂಗಸರದ್ದು 1 ಫ್ರಾಂಕ್ 63. ಅರ್ಧವೂ ಇಲ್ಲ. ಗಂಡನ ದುಡಿಮೆಯ ಮೇಲೆ ಹೆಂಡತಿಯದು ಸ್ವಲ್ಪ ಮೇಲುಖರ್ಚಿಗೆ ಅನ್ನುವ ಎಣಿಕೆ ಈ ಅಂಕಿಯೊಳಗೇ ಕೂತಿದೆ. ಗಂಡ ಇಲ್ಲದವಳು, ಗಂಡ ಕುಡಿದು ಬಿದ್ದವನು, ಗಂಡ ಕೆಲಸ ಕಳೆದುಕೊಂಡವನು, ಇಂಥವರ ಮನೆಗೆ ಆ ಎಣಿಕೆ ಎಲ್ಲಿಂದ ಹೊಂದಬೇಕು?

ಮಗುವನ್ನು ಎಲ್ಲಿ ಬಿಡಬೇಕಿತ್ತು?

ದಾರಿಗಳೇ ಇರಲಿಲ್ಲ ಅಂತಲ್ಲ. ಇದ್ದವು. ಒಂದೊಂದಕ್ಕೂ ಒಂದೊಂದು ಬೇಲಿ ಇತ್ತು.

ಮೊದಲನೆಯದು ಹಾಲುಣಿಸುವ ದಾದಿಯರು. ಹುಟ್ಟಿದ ಕೂಸನ್ನು ಹಳ್ಳಿಯ ಹೆಂಗಸಿನ ಹತ್ತಿರ ಕಳಿಸಿ, ತಿಂಗಳಿಗಿಷ್ಟು ಅಂತ ದುಡ್ಡು ಕೊಡುವ ಪದ್ಧತಿ. ಇದು ಶ್ರೀಮಂತರ ಶೋಕಿ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಪ್ಯಾರಿಸ್‌ನಲ್ಲಿ ಹಾಗಿರಲಿಲ್ಲ. ಅಂಗಡಿ ನಡೆಸುವವರು, ಕುಶಲಕರ್ಮಿಗಳು, ದುಡಿಯುವ ಹೆಂಗಸರು ಇದರ ಮುಖ್ಯ ಗಿರಾಕಿಗಳು. 1860ರ ದಶಕದಲ್ಲಿ ವರ್ಷಕ್ಕೆ ಸುಮಾರು 20,000 ಕೂಸುಗಳು ಹೀಗೆ ನಗರದಿಂದ ಹಳ್ಳಿಗಳಿಗೆ ಹೋಗುತ್ತಿದ್ದವು. ಎಷ್ಟೋ ಕೂಸುಗಳು ವಾಪಸ್ ಬರಲಿಲ್ಲ. ಸಾವು ಎಷ್ಟು ಜಾಸ್ತಿ ಇತ್ತೆಂದರೆ ಕೊನೆಗೆ 1874ರ ಡಿಸೆಂಬರ್‌ನಲ್ಲಿ ತೆಯೊಫಿಲ್ ರೂಸೆಲ್ ಎಂಬ ವೈದ್ಯ-ಶಾಸಕನ ಹೆಸರಿನ ಕಾನೂನು ಬಂದು, ದುಡ್ಡಿಗೆ ಸಾಕಲು ಕೊಟ್ಟ ಎರಡು ವರ್ಷದೊಳಗಿನ ಮಕ್ಕಳೆಲ್ಲ ಸರ್ಕಾರದ ನಿಗಾ ಅಡಿಯಲ್ಲಿ ಬಂದವು.

ಎರಡನೆಯದು ಶಿಶುವಿಹಾರ. ಫಿರ್ಮಾಂ ಮಾರ್ಬೋ ಎಂಬ ವಕೀಲ 1844ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಶಾಯೋ ಬಡಾವಣೆಯಲ್ಲಿ ಮೊದಲ ‘ಕ್ರೆಶ್’ ತೆರೆದ. ತಾಯಿ ಕೆಲಸಕ್ಕೆ ಹೋಗುವಾಗ ಎರಡು ವರ್ಷದೊಳಗಿನ ಮಗುವನ್ನು ಬಿಟ್ಟುಹೋಗಬಹುದು, ನಡುವೆ ಬಂದು ಹಾಲು ಕುಡಿಸಬಹುದು. ದಿನಕ್ಕೆ 20 ಸಾಂಟೀಮ್. ಒಳ್ಳೆಯ ಯೋಚನೆ. ಆದರೆ 1 ಫ್ರಾಂಕ್ 63ರಲ್ಲಿ 20 ಸಾಂಟೀಮ್ ಅಂದರೆ ಕೂಲಿಯ ಎಂಟನೇ ಒಂದು ಭಾಗ. ಜೊತೆಗೆ ತಾಯಿ ಬಡವಳಾಗಿರಬೇಕು, ಮನೆಯ ಹೊರಗೆ ದುಡಿಯುತ್ತಿರಬೇಕು, ‘ಒಳ್ಳೆಯ ನಡತೆಯವಳು’ ಆಗಿರಬೇಕು. ನಡತೆಯ ತೀರ್ಪು ಕೊಡುವವರು ದಾನ ಕೊಡುವ ಮನೆತನಗಳ ಹೆಂಗಸರು. ಬಟ್ಟೆ ಒಗೆಯುವವರ ಬಗ್ಗೆ ಆಗಿನ ಮರ್ಯಾದಸ್ಥರ ಅಭಿಪ್ರಾಯ ಏನೂ ಚೆನ್ನಾಗಿರಲಿಲ್ಲ. ತೋಳು ಮೇಲೇರಿಸಿ ನದಿ ದಡದಲ್ಲಿ ಜೋರಾಗಿ ಮಾತಾಡುವವರು, ಕುಡಿಯುವವರು, ಯಾರ ಮನೆಗಾದರೂ ನುಗ್ಗುವವರು ಎಂಬ ಹಣೆಪಟ್ಟಿ ಅವರಿಗಿತ್ತು.

ಮೂರನೆಯದು ಎರಡರಿಂದ ಆರು ವರ್ಷದ ಮಕ್ಕಳಿಗಾಗಿ ಇದ್ದ ‘ಆಶ್ರಯ ಕೊಠಡಿ’ಗಳು. 1837ರಲ್ಲೇ ಇವಕ್ಕೆ ಸರ್ಕಾರಿ ನಿಯಮಗಳು ಬಂದಿದ್ದವು. ಚಿತ್ರದ ಮಗುವಿನ ವಯಸ್ಸು ಇದಕ್ಕೇ ಸರಿಹೊಂದುತ್ತದೆ. ಹತ್ತಿರ ಇದ್ದರೆ, ಜಾಗ ಇದ್ದರೆ, ಮುಚ್ಚುವ ಹೊತ್ತಿಗೆ ದೋಣಿಯ ಕೆಲಸ ಮುಗಿದಿದ್ದರೆ ಬಿಡಬಹುದಿತ್ತು. ನಾಲ್ಕನೆಯದು ಪಕ್ಕದ ಮನೆಯ ಮುದುಕಿ. ಐದನೆಯದನ್ನು ಹೇಳಲು ಬಾಯಿ ಬರುವುದಿಲ್ಲ. ಪ್ಯಾರಿಸ್‌ನ ಅನಾಥಾಲಯದ ಬಾಗಿಲಿಗೆ ಪ್ರತಿ ವರ್ಷ ಸಾವಿರಾರು ಕೂಸುಗಳು ಬಂದು ಸೇರುತ್ತಿದ್ದವು.

ಇಷ್ಟನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಚಿತ್ರ ನೋಡಿ. ಈ ಹೆಂಗಸು ಇದ್ಯಾವುದನ್ನೂ ಮಾಡಿಲ್ಲ, ಅಥವಾ ಮಾಡಲು ಆಗಿಲ್ಲ. ಮಗುವನ್ನು ಕೆಲಸಕ್ಕೇ ಕರೆದುಕೊಂಡು ಬಂದಿದ್ದಾಳೆ. ಕೈಗೆ ಹಲಗೆ ಕೊಟ್ಟಿದ್ದಾಳೆ. ಅವಳಿಗಿರುವುದು ಎರಡೇ ಕೈ. ಒಂದನ್ನು ಕೆಲಸ ತಗೊಂಡಿದೆ, ಇನ್ನೊಂದನ್ನು ಮಗು. ಹಲಗೆ ಹಿಡಿಯಲು ಮೂರನೇ ಕೈ ಬೇಕಿತ್ತು. ಆ ಮೂರನೇ ಕೈ ಮಗುವಿನದೇ. ಎಷ್ಟೋ ಜನ ಆ ಹಲಗೆಯನ್ನು ಆಟದ ಸಾಮಾನು ಅನ್ನುವ ಹಾಗೆ ನೋಡಿ ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಇಡೀ ಚಿತ್ರದ ಗುಟ್ಟು ಅಲ್ಲಿದೆ. ಈ ಮಗು ದೊಡ್ಡದಾಗಿ ಏನು ಮಾಡುತ್ತದೆ ಎಂಬುದು ಆಗಲೇ ಅದರ ಕೈಗೆ ಬಂದಾಗಿದೆ. ದೋಮಿಯೇ ಅದನ್ನು ಎತ್ತಿ ತೋರಿಸುವುದಿಲ್ಲ, ಸುಮ್ನೆ ಇಟ್ಟಿದ್ದಾನೆ.

ಬರೆದವನ ಪಾಡು

ದೋಮಿಯೇ ದೊಡ್ಡ ಮನೆತನದವನಲ್ಲ. 1808ರಲ್ಲಿ ಮಾರ್ಸೇ ಊರಿನಲ್ಲಿ ಹುಟ್ಟಿದ. ಅಪ್ಪ ಕಿಟಕಿಗೆ ಗಾಜು ಕೂರಿಸುವವನು, ಕವಿಯಾಗುವ ಆಸೆಯಿಂದ ಪ್ಯಾರಿಸ್‌ಗೆ ಬಂದವನು. ಮಗ ವ್ಯಂಗ್ಯಚಿತ್ರಗಾರನಾದ. ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಸುಮಾರು 4,000 ಲಿಥೋಗ್ರಾಫ್‌ಗಳನ್ನು ಮಾಡಿದ. ರಾಜ ಲೂಯಿ ಫಿಲಿಪ್ಪನನ್ನು ಜನರ ದುಡ್ಡು ನುಂಗುವ ಹೊಟ್ಟೆಬಾಕನಂತೆ ಬರೆದದ್ದಕ್ಕೆ 1832ರಲ್ಲಿ ಜೈಲಿಗೆ ಹೋದ. 1834ರ ಏಪ್ರಿಲ್‌ನಲ್ಲಿ ಟ್ರಾನ್ಸ್‌ನೊನೆಂ ಬೀದಿಯ ಒಂದು ಮನೆಗೆ ಸೈನಿಕರು ನುಗ್ಗಿ ನಿವಾಸಿಗಳನ್ನು ಕೊಂದಾಗ ಅದನ್ನೂ ಬರೆದ. ರಾತ್ರಿಯ ಅಂಗಿಯಲ್ಲೇ ಸತ್ತು ಬಿದ್ದ ಗಂಡಸು, ಅವನ ಮೈ ಕೆಳಗೆ ಸತ್ತ ಕೂಸು.

1846ರಲ್ಲಿ ಅಲೆಕ್ಸಾಂದ್ರಿನ್ ದಾಸಿ ಎಂಬ ಬಟ್ಟೆ ಹೊಲಿಯುವ ಹೆಂಗಸನ್ನು ಮದುವೆಯಾದ. ಅಂದರೆ 1 ಫ್ರಾಂಕ್ 63ರ ಲೆಕ್ಕ ಅವನ ಮನೆಯೊಳಗೇ ಗೊತ್ತಿತ್ತು.

1860ರಲ್ಲಿ ಅವನ ವ್ಯಂಗ್ಯಚಿತ್ರಗಳನ್ನು ಅಚ್ಚುಹಾಕುತ್ತಿದ್ದ ‘ಲ ಶಾರಿವಾರಿ’ ಪತ್ರಿಕೆ ಅವನನ್ನು ಕೈಬಿಟ್ಟಿತು. ಓದುಗರಿಗೆ ಅವನ ಚಿತ್ರಗಳು ಬೇಸರ ಬಂದಿವೆ ಅನ್ನುವುದು ಕಾರಣ. 1863ರ ಕೊನೆಗೆ ಮತ್ತೆ ಕರೆದರು. ಈ ನಡುವಿನ ಮೂರು ವರ್ಷ ಅವನ ಕೈ ಖಾಲಿ. ಬಟ್ಟೆ ಒಗೆಯುವವಳ ಚಿತ್ರಗಳು ಹೆಚ್ಚಾಗಿ ಇದೇ ವರ್ಷಗಳವು. 1861ರ ಸಲೋನ್‌ಗೆ, ಅಂದರೆ ಪ್ಯಾರಿಸ್‌ನ ಅಧಿಕೃತ ಕಲಾಪ್ರದರ್ಶನಕ್ಕೆ, ‘ಒಬ್ಬ ಬಟ್ಟೆ ಒಗೆಯುವವಳು’ ಎಂಬ ಹೆಸರಿನ ಚಿತ್ರ ಕಳಿಸಿದ್ದ. ಈಗ ಉಳಿದಿರುವ ಇದೇ ವಿನ್ಯಾಸದ ಪ್ರತಿಗಳು ಓರ್ಸೇಯಲ್ಲಿ, ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್‌ನಲ್ಲಿ, ಅಮೆರಿಕದ ಬಫೆಲೋ ನಗರದ ಮ್ಯೂಸಿಯಂನಲ್ಲಿ ಇವೆ. ಅದಕ್ಕೂ ಹಿಂದೆ, 1850ರ ಸುಮಾರಿಗೆ, ‘ಭಾರ’ ಎಂಬ ಹೆಸರಿನಲ್ಲಿ ಇದೇ ವಿಷಯ ಬರೆದಿದ್ದ. ಅಲ್ಲಿ ಹೆಂಗಸು ಗಾಳಿಗೆ ಎದುರಾಗಿ ಗಂಟು ಹೊತ್ತು ಓಡುವ ಹಾಗೆ ನಡೆಯುತ್ತಾಳೆ, ಮಗು ಸೆರಗು ಹಿಡಿದವರಂತೆ ಅವಳಿಗೆ ಅಂಟಿಕೊಂಡು ಹಿಂದೆ ಬರುತ್ತದೆ.

ಅದರಲ್ಲಿ ಓಟವಿದೆ, ಗಾಳಿಯಿದೆ, ಸಂಕಟವಿದೆ. ಮೆಟ್ಟಿಲಿನ ಚಿತ್ರದಲ್ಲಿ ಅದೆಲ್ಲ ನಿಂತಿದೆ. ಒಂದು ಹೆಜ್ಜೆಯ ಲೆಕ್ಕ ಮಾತ್ರ ಉಳಿದಿದೆ. ಎರಡರಲ್ಲಿ ಮೆಟ್ಟಿಲಿನದೇ ಮೇಲು ಅಂತ ನನಗನಿಸುತ್ತದೆ.

ಇಷ್ಟು ಹೇಳಿದ ಮೇಲೆ ಕಹಿಯಾದದ್ದನ್ನೂ ಹೇಳಬೇಕು. ಇದೇ ದೋಮಿಯೇ 1844ರಲ್ಲಿ, ಮಾರ್ಬೋ ಶಿಶುವಿಹಾರ ತೆರೆದ ಅದೇ ವರ್ಷ, ಓದುಬರಹದ ಹೆಂಗಸರನ್ನು ಗೇಲಿ ಮಾಡುವ 40 ಲಿಥೋಗ್ರಾಫ್‌ಗಳ ಸರಣಿ ಮಾಡಿದ. ಒಂದರಲ್ಲಿ ತಾಯಿ ಮೇಜಿನ ಮುಂದೆ ಬರೆಯುತ್ತಾ ಮೈಮರೆತಿದ್ದಾಳೆ, ಹಿಂದೆ ಕೂಸು ಸ್ನಾನದ ತೊಟ್ಟಿಯಲ್ಲಿ ತಲೆಕೆಳಗಾಗಿ ಬಿದ್ದಿದೆ, ಕಾಲು ಮಾತ್ರ ಮೇಲೆ. ನಗಿಸಲೆಂದೇ ಬರೆದದ್ದು. 1849ರಲ್ಲಿ ಸಮಾಜವಾದಿ ಹೆಂಗಸರನ್ನೂ ಹಾಗೇ ಆಡಿಕೊಂಡ. ಕೈಯಲ್ಲಿ ಪೆನ್ನು ಹಿಡಿದ ತಾಯಿ ಮಗುವನ್ನು ಮರೆತವಳು, ಗಂಟು ಹಿಡಿದ ತಾಯಿ ಮಾತ್ರ ಘನತೆಯವಳು. ಇದು ಅವನ ಕಣ್ಣಿನ ಮಿತಿ. ಬಡ ಹೆಂಗಸಿನ ದುಡಿಮೆಯನ್ನು ಇಷ್ಟು ಸರಿಯಾಗಿ ಕಂಡವನಿಗೆ ಹೆಂಗಸು ಮಾತಾಡುವುದು, ಕೇಳುವುದು, ಸಭೆ ಕಟ್ಟುವುದು ತಮಾಷೆಯಾಗಿ ಕಂಡಿತು. ಅವನ ಬಟ್ಟೆ ಒಗೆಯುವವಳು ಬಾಯಿ ತೆರೆಯುವುದಿಲ್ಲ ಅನ್ನುವುದನ್ನು ಇದರ ಜೊತೆ ಇಟ್ಟು ನೋಡಬೇಕು.

ನಡುವೆ 1848ರ ಕ್ರಾಂತಿ ಬಂತು. ಹೊಸ ಗಣರಾಜ್ಯವನ್ನು ಸಂಕೇತಿಸುವ ಚಿತ್ರಕ್ಕಾಗಿ ಸರ್ಕಾರ ಸ್ಪರ್ಧೆ ಇಟ್ಟಿತು. ದೋಮಿಯೇ ಕಳಿಸಿದ ಕರಡು ಆಯ್ಕೆಯಾದ 20ರಲ್ಲಿ ಒಂದು. ತ್ರಿವರ್ಣ ಧ್ವಜ ಹಿಡಿದು ಕೂತ ಭಾರೀ ಮೈಕಟ್ಟಿನ ಹೆಣ್ಣು. ಇಬ್ಬರು ಗಟ್ಟಿಮುಟ್ಟಾದ ಮಕ್ಕಳು ಅವಳ ಮೊಲೆ ಕುಡಿಯುತ್ತಿದ್ದಾರೆ, ಇನ್ನೊಬ್ಬ ಕಾಲಬಳಿ ಕೂತು ಓದುತ್ತಿದ್ದಾನೆ. ಗಣರಾಜ್ಯ ಅಂದರೆ ಉಣಿಸುವವಳು, ಕಲಿಸುವವಳು. ಆ ಕರಡಿನಿಂದ ಮಾಡಬೇಕಿದ್ದ ದೊಡ್ಡ ಚಿತ್ರವನ್ನು ಅವನು ಮುಗಿಸಲೇ ಇಲ್ಲ. ಗಣರಾಜ್ಯವೂ ಹೆಚ್ಚು ಕಾಲ ಉಳಿಯಲಿಲ್ಲ. ಅದೇ ಅಗಲ ಭುಜದ ಹೆಣ್ಣು ಹತ್ತು-ಹದಿನೈದು ವರ್ಷ ಬಿಟ್ಟು ಮೆಟ್ಟಿಲ ಮೇಲೆ ಮತ್ತೆ ಬರುತ್ತಾಳೆ. ಈ ಸಲ ಧ್ವಜವಿಲ್ಲ, ಗಂಟು ಇದೆ. ಮಗುವಿನ ಕೈಯಲ್ಲಿ ಪುಸ್ತಕವಿಲ್ಲ.

ಬೇರೆಯವರು ಬರೆದ ಬಡ ತಾಯಂದಿರು

ಬಡ ತಾಯಿ ಆ ಕಾಲದ ಚಿತ್ರಕಾರರಿಗೆ ಒಳ್ಳೆಯ ಸರಕು. ಮಾರುಕಟ್ಟೆಯಲ್ಲಿ ಕಣ್ಣೀರಿಗೆ ಬೆಲೆ ಇತ್ತು. ಅದರಲ್ಲಿ ಒಂದನ್ನು ಮಾತ್ರ ಬಿಡಿಸಿ ನೋಡುತ್ತೇನೆ, ಯಾಕೆಂದರೆ ಅದರ ಕಥೆ ವಿಚಿತ್ರವಾಗಿದೆ.

ಆಲ್ಫ್ರೆಡ್ ಸ್ಟೀವನ್ಸ್ ಬೆಲ್ಜಿಯಂನವನು, ಕೆಲಸ ಮಾಡಿದ್ದು ಪ್ಯಾರಿಸ್‌ನಲ್ಲಿ. 1854ರಲ್ಲಿ ಅವನು ಬರೆದ ಚಿತ್ರದ ಹೆಸರು ‘ಅಲೆಮಾರಿತನ ಅಂತ ಕರೆಯುವುದು ಇದನ್ನೇ’. ಉದ್ದನೆಯ ಬೂದುಬಣ್ಣದ ಗೋಡೆ. ಹರಿದ ಬಟ್ಟೆಯ ತಾಯಿಯನ್ನು, ಮಕ್ಕಳನ್ನು ಸೈನಿಕರು ಹಿಡಿದು ಒಯ್ಯುತ್ತಿದ್ದಾರೆ. ತಪ್ಪು ಏನು? ಮನೆ ಇಲ್ಲ. 1810ರ ದಂಡಸಂಹಿತೆಯ ಪ್ರಕಾರ ಮನೆ, ಆದಾಯ, ಕಸುಬು ಇಲ್ಲದವರು ಅಪರಾಧಿಗಳು, ಮೂರರಿಂದ ಆರು ತಿಂಗಳು ಜೈಲು. ಒಬ್ಬ ಶ್ರೀಮಂತ ಹೆಂಗಸು ದುಡ್ಡಿನ ಚೀಲ ಚಾಚಿದ್ದಾಳೆ, ಸೈನಿಕ ಬೇಡ ಅನ್ನುತ್ತಿದ್ದಾನೆ. ಗೋಡೆಯ ಮೇಲೆ ಆಸ್ತಿ ಮಾರಾಟದ, ನೃತ್ಯಕೂಟದ ಜಾಹೀರಾತುಗಳು.

1855ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಇದನ್ನು ನೋಡಿ ಕಸಿವಿಸಿಗೊಂಡನಂತೆ. ಇನ್ನು ಮುಂದೆ ಹೀಗೆ ಆಗಬಾರದು ಅಂದನಂತೆ. ಆಮೇಲೆ ಆಜ್ಞೆಯೂ ಬಂತು. ಏನು ಆಜ್ಞೆ? ಅಲೆಮಾರಿಗಳನ್ನು ಸೈನಿಕರ ನಡುವೆ ಬೀದಿಯಲ್ಲಿ ನಡೆಸಿಕೊಂಡು ಹೋಗಬೇಡಿ, ಮುಚ್ಚಿದ ಗಾಡಿಯಲ್ಲಿ ಜೈಲಿಗೆ ಒಯ್ಯಿರಿ. ಕಾನೂನು ಹಾಗೇ ಉಳಿಯಿತು, ಜೈಲು ಹಾಗೇ ಉಳಿಯಿತು. ಕಾಣುವುದು ಮಾತ್ರ ನಿಂತಿತು. ಒಂದು ಚಿತ್ರ ಸರ್ಕಾರವನ್ನು ಅಲುಗಾಡಿಸಿದ ಉದಾಹರಣೆ ಅಂತ ಇದನ್ನು ಹೊಗಳುವವರಿದ್ದಾರೆ. ನನಗೆ ಹಾಗೆ ಹೊಗಳಲು ಆಗುವುದಿಲ್ಲ. ಅಯ್ಯೋ ಪಾಪ ಅನಿಸುವ ದೃಶ್ಯಕ್ಕೆ ಅತಿ ಸುಲಭವಾದ ಪರಿಹಾರ ದೃಶ್ಯವನ್ನೇ ಮರೆಮಾಡುವುದು.

ಅದೇ 1855ರಲ್ಲಿ ಗುಸ್ತಾವ್ ಕೂರ್ಬೆ ತನ್ನ ಸ್ವಂತ ಮಂಟಪ ಕಟ್ಟಿಸಿ ‘ಚಿತ್ರಕಾರನ ಸ್ಟುಡಿಯೋ’ ತೋರಿಸಿದ. ಅದರಲ್ಲೂ ನೆಲದ ಮೇಲೆ ಕುಗ್ಗಿ ಕೂತು ಕೂಸಿಗೆ ಹಾಲೂಡುವ ಒಬ್ಬ ಐರಿಷ್ ಹೆಂಗಸಿದ್ದಾಳೆ. ತುಂಬ ನಂತರ, 1883ರಲ್ಲಿ, ಫೆರ್ನಾಂ ಪೆಲೆಜ್ ‘ಆಸರೆಯಿಲ್ಲದವರು’ ಬರೆದ. ಬೀದಿ ಬದಿಯಲ್ಲಿ ಮೊಲೆಯೂಡುತ್ತಾ ಕೂತ ತಾಯಿ, ಸುತ್ತಲೂ ಮಕ್ಕಳು, ನೇರವಾಗಿ ನಮ್ಮನ್ನೇ ನೋಡುವ ಕಣ್ಣು. ದೊಡ್ಡ ಕ್ಯಾನ್ವಾಸ್, ಎಲ್ಲ ವಿವರಗಳೂ ಫೋಟೋದಷ್ಟು ಸ್ಪಷ್ಟ.

ಇವರೆಲ್ಲರ ತಾಯಂದಿರಿಗೂ ಒಂದು ಸಾಮ್ಯ ಇದೆ. ಅವರು ಕೂತಿದ್ದಾರೆ, ಅಥವಾ ಯಾರೋ ಅವರನ್ನು ಒಯ್ಯುತ್ತಿದ್ದಾರೆ. ಕೆಲಸ ಮಾಡುತ್ತಿಲ್ಲ. ಬಡತನ ಅಂದರೆ ಕೆಲಸ ಇಲ್ಲದಿರುವುದು ಎಂಬ ಭಾವನೆ ಬರುತ್ತದೆ. ದೋಮಿಯೇಯ ಹೆಂಗಸು ದುಡಿಯುತ್ತಿದ್ದಾಳೆ, ದುಡಿದೂ ಬಡವಳು. ಪ್ಯಾರಿಸ್‌ನ ಬಡವರಲ್ಲಿ ಇಂಥವರೇ ಜಾಸ್ತಿ. ಇವಳ ಮೇಲೆ ಕರುಣೆ ತೋರಿಸಿ ಚೀಲ ಚಾಚಲು ಚಿತ್ರದಲ್ಲಿ ಯಾರೂ ಇಲ್ಲ, ಚಾಚಿದರೂ ತಗೊಳ್ಳಲು ಅವಳಿಗೆ ಕೈ ಖಾಲಿ ಇಲ್ಲ.

ದೋಮಿಯೇ ಇದನ್ನು ಮತ್ತೆ ಮತ್ತೆ ಮಾಡಿದ. ‘ಮೂರನೇ ದರ್ಜೆಯ ಬೋಗಿ’ಯಲ್ಲಿ ರೈಲಿನ ಮರದ ಬೆಂಚಿನ ಮೇಲೆ ಒಬ್ಬಳು ಕೂಸಿಗೆ ಹಾಲು ಕುಡಿಸುತ್ತಿದ್ದಾಳೆ, ಪಕ್ಕದಲ್ಲಿ ಬುಟ್ಟಿಯ ಮೇಲೆ ಕೈಯಿಟ್ಟ ಮುದುಕಿ, ನಿದ್ದೆ ಹೋದ ಹುಡುಗ. ಲೂವ್ರ್‌ನಲ್ಲಿರುವ ‘ಸೂಪು’ ಎಂಬ ರೇಖಾಚಿತ್ರ ಇನ್ನೂ ಗಟ್ಟಿ. ಒಬ್ಬಳು ಬಟ್ಟಲಿನ ಮೇಲೆ ಬಾಗಿ ಗಬಗಬ ಸೂಪು ಕುಡಿಯುತ್ತಿದ್ದಾಳೆ, ಅದೇ ಹೊತ್ತಿಗೆ ಕೂಸು ಅವಳ ಮೊಲೆಗೆ ಬಾಯಿ ಹಾಕಿದೆ. ಚಮಚ ಒಳಗೆ ಹೋಗುತ್ತಿದೆ, ಹಾಲು ಹೊರಗೆ ಬರುತ್ತಿದೆ. ತಾಯ್ತನಕ್ಕೆ ಅಂತ ಬೇರೆ ಹೊತ್ತಿಲ್ಲ. ಊಟದ ಹೊತ್ತಿನಲ್ಲಿ, ರೈಲಿನಲ್ಲಿ, ಮೆಟ್ಟಿಲು ಹತ್ತುವಾಗ, ಸಿಕ್ಕ ಸಂದಿಯಲ್ಲಿ ಅದು ನಡೆಯಬೇಕು.

1861ರಲ್ಲಿ, ಆ ಸಲೋನ್ ನಡೆದ ವರ್ಷವೇ, ಚಿಂತಕ-ರಾಜಕಾರಣಿ ಜೂಲ್ ಸಿಮೋನ್ ಹೆಣ್ಣು ಕೂಲಿಗಳ ಬಗ್ಗೆ ಬರೆಯುತ್ತಾ, ಕೂಲಿಗೆ ಹೋದ ಹೆಣ್ಣು ಹೆಣ್ಣಾಗಿ ಉಳಿಯುವುದಿಲ್ಲ ಎಂಬ ಅರ್ಥದ ಮಾತು ಹೇಳಿದ. ಅವಳ ಜಾಗ ಮನೆ, ಮಗು ಎಂಬ ವಾದ. ಒಳ್ಳೆಯ ಉದ್ದೇಶದ ಮನುಷ್ಯನೇ. ಆದರೆ ಮನೆಯಲ್ಲೇ ಕೂತರೆ ಊಟಕ್ಕೆ ಏನು ಅಂತ ಕೇಳಿದರೆ ಉತ್ತರ ಬರುವುದಿಲ್ಲ. ದೋಮಿಯೇ ವಾದ ಮಾಡಲಿಲ್ಲ. ಕೆಲಸ, ತಾಯ್ತನ ಎರಡನ್ನೂ ಒಂದೇ ಮೈಯೊಳಗೆ ನಿಲ್ಲಿಸಿದ.

ಮುಖ ಇಲ್ಲದಿರುವ ಬಗ್ಗೆ

ಈ ಚಿತ್ರದ ಮೇಲೆ ಒಂದು ಗಟ್ಟಿ ಆಕ್ಷೇಪ ಇದೆ. ಮುಖ ಬರೆಯದೆ ಬಿಟ್ಟರೆ ಅವಳು ವ್ಯಕ್ತಿಯಾಗುವುದಿಲ್ಲ, ‘ದುಡಿಯುವ ತಾಯಿ’ ಎಂಬ ಮಾದರಿಯಾಗುತ್ತಾಳೆ. ಮಾದರಿಯಾದ ಮೇಲೆ ಕಾಲ, ಊರು, ಕೂಲಿ ಎಲ್ಲ ಅಳಿಸಿಹೋಗಿ, ಯಾವ ಕಾಲಕ್ಕೂ ಸಲ್ಲುವ ‘ಮಹಾತಾಯಿ’ ಉಳಿಯುತ್ತಾಳೆ. ಮ್ಯೂಸಿಯಂಗೆ ಬರುವ ಜನಕ್ಕೆ ಅದು ಹಿತವಾಗಿರುತ್ತದೆ. ಎಲ್ಲರ ತಾಯಿಯೂ ಹೀಗೇ ಅಂದುಕೊಂಡು ಮುಂದಿನ ಕೋಣೆಗೆ ಹೋಗಬಹುದು. ಈ ಅಪಾಯ ನಿಜವೇ. ಶಿಲ್ಪದಂತಿರುವ ಆ ಭುಜಗಳು ಅದಕ್ಕೆ ಕುಮ್ಮಕ್ಕು ಕೊಡುತ್ತವೆ ಅನ್ನುವುದೂ ನಿಜ.

ನನ್ನ ಉತ್ತರ ಅರ್ಧ ಮಾತ್ರ. ಮುಖ ಕಾಣದಿರುವುದಕ್ಕೆ ಚಿತ್ರದೊಳಗೇ ಕಾರಣವಿದೆ. ಬೆಳಕು ಹಿಂದಿನಿಂದ ಬರುತ್ತಿದೆ, ಅವಳು ಕೆಳಗೆ, ಮಗುವಿನ ಕಾಲನ್ನು ನೋಡುತ್ತಿದ್ದಾಳೆ. ಮೇಲಿನ ರಸ್ತೆಯಲ್ಲಿ ನಿಂತು ನೋಡಿದರೆ ಮುಖ ಹೀಗೇ ಕಾಣಬೇಕು. ಅಂದರೆ ನೋಡುವವನ ಜಾಗವೂ ಚಿತ್ರದಲ್ಲಿದೆ. ಅವನು ಮೇಲಿದ್ದಾನೆ, ಒಣಗಿದ ನೆಲದ ಮೇಲೆ, ಕೈ ಖಾಲಿ. ಪೆಲೆಜ್‌ನ ತಾಯಿ ನಮ್ಮನ್ನು ದಿಟ್ಟಿಸಿದಾಗ ನಮಗೆ ಮುಜುಗರವಾಗುತ್ತದೆ, ಆಮೇಲೆ ಏನಾದರೂ ಕೊಟ್ಟು ಹಗುರಾಗುತ್ತೇವೆ. ಇವಳು ನಮ್ಮ ಕಡೆ ನೋಡುವುದೇ ಇಲ್ಲ. ನಾವಿರುವುದು ಅವಳಿಗೆ ಮುಖ್ಯವಲ್ಲ, ಮುಂದಿನ ಮೆಟ್ಟಿಲು ಮುಖ್ಯ.

ಉಳಿದರ್ಧ ಆಕ್ಷೇಪ ಹಾಗೇ ಉಳಿಯುತ್ತದೆ. ಅವಳ ಹೆಸರು ನಮಗೆ ಬೇಕಿತ್ತು. ಮುಂದೆ ಚಿತ್ರಕಾರ ದೆಗಾ ಇಸ್ತ್ರಿ ಮಾಡುವ ಹೆಂಗಸರನ್ನು ಬರೆದಾಗ ಅವರ ಆಕಳಿಕೆ, ಕತ್ತು ನೋವು, ಪಕ್ಕದಲ್ಲಿಟ್ಟ ಬಾಟಲಿ ಎಲ್ಲ ಬಂದವು. ದೆಗಾ ದೋಮಿಯೇಯ ಲಿಥೋಗ್ರಾಫ್‌ಗಳನ್ನು ರಾಶಿ ರಾಶಿ ಕೂಡಿಟ್ಟಿದ್ದವನು. ಆದರೆ ಆ ಪ್ರಸಿದ್ಧ ಚಿತ್ರಗಳಲ್ಲಿ ಮಗು ಇಲ್ಲ.

ಆಮೇಲೆ

1863ರಲ್ಲಿ ದೋಮಿಯೇ ಬಾಡಿಗೆ ತೂಗಿಸಲಾಗದೆ ದ್ವೀಪದ ಮನೆ ಬಿಟ್ಟ. ಕೊನೆಯ ವರ್ಷಗಳನ್ನು ಪ್ಯಾರಿಸ್ ಹೊರಗಿನ ವಾಲ್ಮೊಂದುವಾ ಹಳ್ಳಿಯಲ್ಲಿ ಕಳೆದ. ಆ ಮನೆ ಉಳಿಸಿಕೊಳ್ಳಲು ನೆರವಾದವನು ಚಿತ್ರಕಾರ ಕೋರೋ. ಕಣ್ಣು ಹೋಗುತ್ತಾ ಬಂತು. 1878ರಲ್ಲಿ ಗೆಳೆಯರು ಸೇರಿ ದುರಾಂ ರುಯೆಲ್ ಗ್ಯಾಲರಿಯಲ್ಲಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿದರು. ಗೌರವಾಧ್ಯಕ್ಷ ವಿಕ್ಟರ್ ಹ್ಯೂಗೋ. ಅದೇ ವರ್ಷ ನಗರದಲ್ಲಿ ಇನ್ನೊಂದು ವಿಶ್ವ ಪ್ರದರ್ಶನ ನಡೆದಿತ್ತು, ಜನ ಅಲ್ಲಿಗೆ ಹೋದರು. ಖರ್ಚೂ ಹುಟ್ಟಲಿಲ್ಲ. ಮುಂದಿನ ಫೆಬ್ರವರಿಯಲ್ಲಿ ದೋಮಿಯೇ ತೀರಿಕೊಂಡ.

ಅವನ ಈ ಚಿತ್ರ ನೋಡಿ ಯಾವ ಚಕ್ರವರ್ತಿಯೂ ಆಜ್ಞೆ ಹೊರಡಿಸಲಿಲ್ಲ. ಮಗು ಹೆತ್ತ ಕಾರಣಕ್ಕೆ ಕೆಲಸ ಹೋಗಬಾರದು ಎಂಬ ಕಾನೂನು ಫ್ರಾನ್ಸ್‌ನಲ್ಲಿ ಬಂದದ್ದು 1909ರ ನವೆಂಬರ್‌ನಲ್ಲಿ. ಹೆರಿಗೆಯ ಹಿಂದುಮುಂದು ಎಂಟು ವಾರ ಬರದಿದ್ದರೆ ಮಾಲೀಕ ಕೆಲಸದ ಕರಾರು ಮುರಿಯುವಂತಿಲ್ಲ. ಆ ಎಂಟು ವಾರಕ್ಕೆ ಸಂಬಳ ಇರಲಿಲ್ಲ. ದೋಣಿಯಲ್ಲಿ ಜಾಗ ಬಾಡಿಗೆಗೆ ಹಿಡಿದು, ಮನೆಮನೆಯ ಬಟ್ಟೆ ತಂದು ಒಗೆಯುವವಳಿಗೆ ಮುರಿಯಲು ಕರಾರೂ ಇರಲಿಲ್ಲ.